ಚಿತ್ರ ತಿದ್ದುವ ಹವ್ಯಾಸ: ಆಯ್ಕೆಯೂ ಎಚ್ಚರವೂ

ಕುಂದಗೋಳ ತಾಲೂಕಿನ ಕುಬಿಹಾಳದಂಥ ಗ್ರಾಮಗಳಲ್ಲಿ ಒಂದು ಕಾಲಕ್ಕೆ ಮನೆಯಲ್ಲಿ ಹಿರಿಯರ ಒಂದು ಭಾವಚಿತ್ರವಿದ್ದರೆ ಅದೇ ದೊಡ್ಡ ಆಸ್ತಿಯಾಗಿತ್ತು. ಇಂದು ಜಾತ್ರೆ, ಮದುವೆ, ತೊಟ್ಟಿಲು ಕಾರ್ಯಗಳ ನೂರಾರು ಚಿತ್ರಗಳು ಮೊಬೈಲಿನಲ್ಲಿಯೇ ತುಂಬಿರುತ್ತವೆ. ತೆಗೆದ ಚಿತ್ರವನ್ನು ಗಣಕಯಂತ್ರದಲ್ಲಿ ತಿದ್ದಿ ಅಂದಗೊಳಿಸಬೇಕೆಂಬ ಹಂಬಲವೂ ತರುಣರಲ್ಲಿ ಬೆಳೆದಿದೆ. ಆದರೆ ಯಾವ ತಂತ್ರಾಂಶವನ್ನು ಆರಿಸಿಕೊಳ್ಳಬೇಕು, ಅದನ್ನು ಹೇಗೆ ಕಲಿಯಬೇಕು? ನಾವು ಎಡವಿ ಕಲಿತುದನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ನಮ್ಮ ಅಜ್ಜನವರದೆಂದು ಉಳಿದಿರುವುದು ಕಪ್ಪು-ಬಿಳುಪಿನ ಒಂದೇ ಒಂದು ಚಿತ್ರ. ಪಡಸಾಲೆಯ ಗೋಡೆಯ ತೇವ ತಗುಲಿ ಅದರ ಮೇಲೆ ಬಿಳಿಯ ಕಲೆಗಳೆದ್ದಿದ್ದವು. ಅದನ್ನು ಸ್ಕ್ಯಾನ್ ಮಾಡಿಸಿ ಕಲೆ ತೆಗೆಯಲು ಕುಳಿತೆವು. ಕಲೆ ಅಳಿಸುವ ಸಾಧನವು ಸುತ್ತಲಿನ ಭಾಗವನ್ನೇ ತಂದು ಕಲೆಯ ಮೇಲೆ ತುಂಬುತ್ತದೆ. ಕಲೆ ಯಾವುದು, ಗುರುತು ಯಾವುದು ಎಂಬ ವಿವೇಕ ಅದಕ್ಕಿಲ್ಲ. ಕೆಲಸ ಮುಗಿಸಿ ಹೆಮ್ಮೆಯಿಂದ ತೋರಿಸಿದಾಗ ಅಜ್ಜಿ ಬಹಳ ಹೊತ್ತು ನೋಡಿ, “ಹಣಿ ಮ್ಯಾಲಿನ ಇಬತ್ತಿ ಎಲ್ಲಿ ಹೋತೋ ತಮ್ಮಾ?” ಎಂದರು. ಕಲೆಯೊಡನೆ ವಿಭೂತಿಯೂ ಹೋಗಿತ್ತು, ಮುಖದ ಸುಕ್ಕುಗಳೂ ಹೋಗಿದ್ದವು. ಮೂಲ ಕಡತದ ಮೇಲೆಯೇ ಉಳಿಸಿದ್ದೆವಾದ್ದರಿಂದ ಹಿಂದಿರುಗುವ ದಾರಿಯೂ ಇರಲಿಲ್ಲ. ಗೋಡೆಯ ಚಿತ್ರ ಉಳಿದಿದ್ದುದೇ ಪುಣ್ಯ. ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದೆವು.

ಇನ್ನು ಆಯ್ಕೆಯ ಮಾತು. ಎಲ್ಲರ ಬಾಯಲ್ಲಿರುವ ಹೆಸರು ಫೋಟೋಶಾಪ್. ಥಾಮಸ್ ಮತ್ತು ಜಾನ್ ನೋಲ್ ಎಂಬ ಸೋದರರು ರೂಪಿಸಿದ ಇದನ್ನು ಅಡೋಬಿ ಸಂಸ್ಥೆ 1990ರಲ್ಲಿ ಹೊರತಂದಿತು. ಅತಿ ಸಮರ್ಥವಾದುದು, ನಿಜ. ಆದರೆ 2013ರಿಂದ ಅದರ ಹೊಸ ಆವೃತ್ತಿಗಳಿಗೆ ಚಂದಾ ಕಟ್ಟುತ್ತಲೇ ಇರಬೇಕು. ವರುಷಕ್ಕೆ ನಾಲ್ಕು ಚಿತ್ರ ತಿದ್ದುವ ಹವ್ಯಾಸಿಗೆ ಅದು ಭಾರ. ಕದ್ದ ಪ್ರತಿಯನ್ನು ಬಳಸುವುದು ಕಾಯಕದ ಹಾದಿಯೂ ಅಲ್ಲ, ಗಣಕಯಂತ್ರಕ್ಕೆ ಕ್ಷೇಮವೂ ಅಲ್ಲ.

ಅಮೆರಿಕದ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಗಿಂಪ್ 1996ರಲ್ಲಿ ಸಾರ್ವಜನಿಕರ ಕೈಸೇರಿತು. ಅದು ಸಂಪೂರ್ಣ ಉಚಿತ. ಹಳೆಯ ಚಿತ್ರಗಳ ದುರಸ್ತಿಗೆ ಧಾರಾಳವಾಗಿ ಸಾಕು. ಕ್ಯಾಮೆರಾದ ಕಚ್ಚಾ ಕಡತಗಳನ್ನು ಸಂಸ್ಕರಿಸಲು ಡಾರ್ಕ್‌ಟೇಬಲ್ ಇದೆ, ಅದೂ ಉಚಿತ. ಮೊಬೈಲು ಮಾತ್ರ ಉಳ್ಳವರಿಗೆ ಸ್ನ್ಯಾಪ್‌ಸೀಡ್ ಅನುಕೂಲ. ಅನೇಕರು ಮೆಚ್ಚಿದ್ದ ಪಿಕಾಸಾವನ್ನು ಗೂಗಲ್ 2016ರಲ್ಲಿ ನಿಲ್ಲಿಸಿತು. ಆದುದರಿಂದ ತಂತ್ರಾಂಶದ ಹೆಸರಿಗಿಂತ ವಿದ್ಯೆಯ ಮೂಲವನ್ನು ಹಿಡಿಯುವುದು ಲೇಸು; ಒಂದರಲ್ಲಿ ಕಲಿತುದು ಮತ್ತೊಂದರಲ್ಲಿಯೂ ಕೈಹಿಡಿಯುತ್ತದೆ.

ಕಲಿಯುವ ಕ್ರಮವೂ ಸರಳ. ಮೊದಲು ಅಂಚು ಕತ್ತರಿಸುವುದು ಮತ್ತು ಓರೆಯನ್ನು ನೆಟ್ಟಗಾಗಿಸುವುದು. ಕುಂದಗೋಳದ ಶಂಭುಲಿಂಗೇಶ್ವರ ದೇವಾಲಯದ ಕಂಬಗಳ ಚಿತ್ರ ತೆಗೆದರೆ ಇದರ ಅಗತ್ಯ ತಾನಾಗಿ ತಿಳಿಯುತ್ತದೆ. ಬಳಿಕ ಬೆಳಕು-ನೆರಳಿನ ಹದ, ಆಮೇಲೆ ಬಣ್ಣ, ಕಟ್ಟಕಡೆಗೆ ಕಲೆ ತೆಗೆಯುವ ಕೆಲಸ. ತಿದ್ದುಪಡಿಯನ್ನೆಲ್ಲ ಬೇರೆ ಪದರದ ಮೇಲೆ ಮಾಡಿದರೆ ಕೆಳಗಿನ ಚಿತ್ರ ಕೆಡದು; ಬೇಡವೆನಿಸಿದರೆ ಆ ಪದರವನ್ನಷ್ಟೇ ತೆಗೆದರಾಯಿತು. ಮೂಲ ಪ್ರತಿಯನ್ನು ಮುಟ್ಟದೆ ಎರಡು ಕಡೆ ಕಾಯ್ದಿಡಿರಿ. ಜೆಪೆಗ್ ಕಡತವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದಂತೆ ಅದರ ಗುಣ ಕುಂದುತ್ತದೆ. ಕೆಲಸ ನಡೆದಿರುವಾಗ ತಂತ್ರಾಂಶದ ಸ್ವಂತ ರೂಪದಲ್ಲಿಯೇ ಉಳಿಸುವುದು ಒಳ್ಳೆಯದು.

ಎರಡನೆಯ ಸಲ ನಾವು ಅಜ್ಜಿಯನ್ನು ಪಕ್ಕದಲ್ಲಿಯೇ ಕೂಡ್ರಿಸಿಕೊಂಡೆವು. ಯಾವುದು ತೇವದ ಕಲೆ, ಯಾವುದು ವಿಭೂತಿ, ಯಾವುದು ಬಿಸಿಲಿನಲ್ಲಿ ದುಡಿದ ಸುಕ್ಕು ಎಂದು ಅವರೇ ಬೆರಳಿಟ್ಟು ತೋರಿಸಿದರು. ಈಗ ಪಡಸಾಲೆಯಲ್ಲಿ ಎರಡು ಚಿತ್ರಗಳಿವೆ: ಮೂಲವೊಂದು, ತಿದ್ದಿದ್ದೊಂದು. ಹಿರಿಯರ ಚಿತ್ರವನ್ನು ತಿದ್ದುವ ಮುನ್ನ ಅವರನ್ನು ಕಂಡುಂಡವರನ್ನು ಕೇಳಿರಿ. ಆ ನೆನಪು ಯಾವ ತಂತ್ರಾಂಶದಲ್ಲಿಯೂ ಇಲ್ಲ. ಅದು ಇರುವಷ್ಟು ಕಾಲ ಕೇಳಿ ತಿಳಿದುಕೊಳ್ಳುವುದು ನಮ್ಮ ಕರ್ತವ್ಯ.