ಫಿಟ್ಸ್ ಹಿಂದಿನ ಹುಳು

ಫಿಟ್ಸ್ ಬಂದ ಹುಡುಗನ ಸ್ಕ್ಯಾನ್ ನೋಡಿ, 'ಮಿದುಳಿನಲ್ಲಿ ಲಾಡಿಹುಳುವಿನ ಮರಿಯಿದೆ, ಹಂದಿಯಲ್ಲಿ ಇರುವ ಜಾತಿಯದು' ಎಂದು ವೈದ್ಯರು ಹೇಳಿದರೆ ಸಸ್ಯಾಹಾರಿ ಮನೆಯವರು ಬೆಚ್ಚಿಬೀಳುತ್ತಾರೆ. 'ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲವಲ್ಲ ಡಾಕ್ಟ್ರೇ!' ಆ ಮಾತೂ ನಿಜ, ರೋಗವೂ ನಿಜ.

ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಹಲವು ಮೀಟರ್ ಉದ್ದದ ಈ ಹುಳು ಅವರಿಗೆ ಅಷ್ಟೇನೂ ತೊಂದರೆ ಕೊಡದೆ ಇದ್ದುಬಿಡಬಹುದು. ಆದರೆ ಅವರ ಮಲದಲ್ಲಿ ಅದರ ಸಾವಿರಾರು ಮೊಟ್ಟೆಗಳು ಹೊರಬೀಳುತ್ತವೆ. ಬಯಲಿನ ಆ ಮಲವನ್ನು ಹಂದಿ ತಿಂದರೆ ಅದರ ಮಾಂಸದಲ್ಲಿ ಮರಿಹುಳುಗಳ ಗುಳ್ಳೆ ಕಟ್ಟುತ್ತದೆ. ಅದೇ ಮೊಟ್ಟೆ ನೀರು, ಹಸಿ ಸೊಪ್ಪು, ತೊಳೆಯದ ಕೈಗಳ ಮೂಲಕ ಮನುಷ್ಯನ ಹೊಟ್ಟೆ ಸೇರಿದರೆ ಮರಿಯು ರಕ್ತದೊಡನೆ ಸಾಗಿ ಮಿದುಳಿನಲ್ಲಿ ನೆಲೆಸುತ್ತದೆ. ನ್ಯೂರೋಸಿಸ್ಟಿಸರ್ಕೋಸಿಸ್ ಎಂಬ ನಾಲಿಗೆ ತಿರುಗದ ಹೆಸರು ಇದರದೇ. ಮಿದುಳಿಗೆ ಇದು ಬರುವುದು ಮಾಂಸದಿಂದಲ್ಲ, ಮನುಷ್ಯನ ಮಲದಿಂದ. ಹಂದಿ ತಿನ್ನುವವರನ್ನು ಜರೆಯುವವರು ಇದನ್ನು ಗಮನಿಸಬೇಕು. ಗುಳ್ಳೆ ವರ್ಷಗಟ್ಟಲೆ ಸುಮ್ಮನಿದ್ದು, ಸಾಯತೊಡಗಿದಾಗ ಸುತ್ತ ಊತ ಬಂದು ಫಿಟ್ಸ್ ಶುರುವಾಗುತ್ತದೆ. ಭಾರತದಲ್ಲಿದ್ದು ಹೋದ ಬ್ರಿಟಿಷ್ ಸೈನಿಕರಿಗೆ ತಮ್ಮ ದೇಶ ಸೇರಿ ವರ್ಷಗಳಾದ ಮೇಲೆ ಫಿಟ್ಸ್ ಬಂದದ್ದೂ ಹೀಗೆಯೇ.

ಸೈನಿಕರ ಲೆಕ್ಕ ಸಿಕ್ಕಷ್ಟು ಬೇಗ ನಮ್ಮ ಹಳ್ಳಿಯವರ ಲೆಕ್ಕ ಸಿಗಲಿಲ್ಲ. ಸಿ.ಟಿ. ಸ್ಕ್ಯಾನ್ ಬಂದ ಹೊಸತರಲ್ಲಿ ಫಿಟ್ಸ್ ರೋಗಿಗಳ ಮಿದುಳಿನಲ್ಲಿ ಕಂಡ ಒಂಟಿ ಚುಕ್ಕೆಯನ್ನು ಕ್ಷಯದ ಗಡ್ಡೆಯೆಂದೇ ಎಣಿಸಿ ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ನುಂಗಿಸುತ್ತಿದ್ದರು. ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯ ಚಾಂಡಿ, ರಾಜಶೇಖರ್ ಮತ್ತು ಸಂಗಡಿಗರು ಅಂಥ ಚುಕ್ಕೆಗಳನ್ನು ಶಸ್ತ್ರಚಿಕಿತ್ಸೆಯಿಂದ ಹೊರತೆಗೆದು ಪರೀಕ್ಷಿಸಿ, ಹಲವರಲ್ಲಿ ಇದ್ದದ್ದು ಲಾಡಿಹುಳುವಿನ ಮರಿ ಎಂದು 1989ರಲ್ಲಿ ಪ್ರಕಟಿಸಿದರು. ಮುಂದೆ ವೆಲ್ಲೂರು ಜಿಲ್ಲೆಯಲ್ಲಿ 50,000ಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದಾಗ, ಫಿಟ್ಸ್ ಇದ್ದವರಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ ಈ ಹುಳುವೇ ಕಾರಣವೆಂದು ತಿಳಿಯಿತು.

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರ ಸಮೀಕ್ಷೆಯಲ್ಲೂ ಫಿಟ್ಸ್ ಪೇಟೆಗಿಂತ ಹಳ್ಳಿಯಲ್ಲಿ ಇಮ್ಮಡಿ: ಸಾವಿರಕ್ಕೆ ಪೇಟೆಯಲ್ಲಿ 5.7, ಹಳ್ಳಿಯಲ್ಲಿ 11.9. ಅವೆಲ್ಲ ಹುಳುವಿನಿಂದ ಬಂದವಲ್ಲ, ಆದರೆ ಕಷ್ಟ ಎಲ್ಲರದೂ ಒಂದೇ. ಕೈಗೆ ಬೀಗದ ಕೈ ಹಿಡಿಸುವುದು, ಚಪ್ಪಲಿ ಮೂಸಿಸುವುದು, ತಾಯತ ಕಟ್ಟಿಸುವುದು, ಆಮೇಲೆ ಸಾಲ ಮಾಡಿ ಸ್ಕ್ಯಾನ್. (ಆ ಫಿಲ್ಮು ಹಿಡಿದು ಬರುವ ನೆಂಟರು ಮೊದಲು ಇಳಿಯುವುದು ನಮ್ಮಂಥ ಪರವೂರಿನವರ ಮನೆಯಲ್ಲೇ.) ಕೂಲಿ ತಪ್ಪಿದ ತಿಂಗಳು ಮಾತ್ರೆ ತಪ್ಪುತ್ತದೆ, ಫಿಟ್ಸ್ ಮರಳುತ್ತದೆ. ಒಲೆಯ ಮುಂದೆ ಬಂದರೆ ಸುಟ್ಟುಕೊಳ್ಳುತ್ತಾರೆ, ಕೆರೆಯಲ್ಲಿ ಬಂದರೆ ಮುಳುಗುತ್ತಾರೆ. ಹೆಣ್ಣುಮಕ್ಕಳ ಮದುವೆಯ ಮಾತಂತೂ ಬೇಡ. ಹಿಂದೂ ವಿವಾಹ ಕಾಯ್ದೆಯೇ ಅಪಸ್ಮಾರವನ್ನು ಮದುವೆಗೆ ಅಡ್ಡಿಯೆಂದು ಹೇಳುತ್ತಿತ್ತು. ಆ ಪದ ತೆಗೆದದ್ದು 1999ರಲ್ಲಿ. ಬೀಗರ ಬಾಯಿಂದ ಅದು ಇನ್ನೂ ಹೋಗಿಲ್ಲ.

ಇಷ್ಟಾಗಿ, ಒಂಟಿ ಗುಳ್ಳೆ ಬಹಳ ಮಂದಿಯಲ್ಲಿ ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ. ಅಲ್ಲಿಯವರೆಗೆ ಫಿಟ್ಸ್ ತಡೆಯುವ ಮಾತ್ರೆ ಬಿಡಬಾರದು. ಜಂತುಹುಳುವಿನ ಅಲ್ಬೆಂಡಜೋಲ್ ಮಾತ್ರೆಯನ್ನು ಇದಕ್ಕೂ ಕೊಡುತ್ತಾರೆ, ಆದರೆ ಅಂಗಡಿಯಿಂದ ತಂದು ತಾವೇ ನುಂಗುವಂತಿಲ್ಲ. ಗುಳ್ಳೆಗಳು ಒಮ್ಮೆಗೇ ಸತ್ತರೆ ಮಿದುಳು ಊದಿಕೊಳ್ಳುವ ಅಪಾಯವಿದೆ. ವೈದ್ಯರು ಊತ ತಡೆಯುವ ಔಷಧಿಯನ್ನೂ ಜೊತೆಗೆ ಕೊಡುತ್ತಾರೆ.

ಪೆರು ದೇಶದ ತುಂಬೆಸ್ ಪ್ರಾಂತದಲ್ಲಿ ಜನರಿಗೆ ಹುಳುವಿನ ಮಾತ್ರೆ, ಹಂದಿಗಳಿಗೆ ಔಷಧಿ ಮತ್ತು ಲಸಿಕೆ ಒಟ್ಟಿಗೆ ಕೊಟ್ಟು ರೋಗದ ಹರಡುವಿಕೆಯನ್ನು ಹೆಚ್ಚುಕಡಿಮೆ ನಿಲ್ಲಿಸಿಯೇ ತೋರಿಸಿದರು. ಹಂದಿಗೆ ಹಾಕುವ ಇಂಥದೇ ಲಸಿಕೆ ಈಗ ನಮ್ಮ ಹೈದರಾಬಾದಿನಲ್ಲೇ ತಯಾರಾಗುತ್ತದೆ. ಶೌಚಾಲಯದ ಲೆಕ್ಕ ಬರೆಯುವ ಸರ್ಕಾರಗಳು ಹಂದಿ ಸಾಕುವವರ ಕೇರಿಗೆ ಅದನ್ನೂ ಒಯ್ಯಬಹುದಲ್ಲ? ಕರುಳಿನ ಹುಳುವಿಗಂತೂ ಒಂದೇ ಸಲದ ಔಷಧಿ ಸಾಮಾನ್ಯವಾಗಿ ಸಾಕು. ಊರಿನಲ್ಲಿ ಯಾರಾದರೂ ಮಲದಲ್ಲಿ ಬಿಳಿ ಲಾಡಿಯ ತುಂಡು ಕಂಡೆನೆಂದರೆ ನಗಬೇಡಿ, ಅಂದೇ ಆಸ್ಪತ್ರೆಗೆ ಕಳುಹಿಸಿ.