ದೇವರನ್ನು ಬಿಟ್ಟವರು ಹಬ್ಬವನ್ನು ಬಿಡಲಿಲ್ಲ

ಪಸ್ಕ ಹಬ್ಬದ ರಾತ್ರಿ ಯಹೂದಿಗಳ ಮನೆಯಲ್ಲಿ ಊಟಕ್ಕೆ ಮೊದಲು ‘ಹಗ್ಗದಾ’ ಓದುತ್ತಾರೆ. ಐಗುಪ್ತದ ಗುಲಾಮಗಿರಿಯಿಂದ ಪೂರ್ವಜರು ಪಾರಾದ ಕಥೆ ಅದು. ಹುಳಿ ಸೇರಿಸದ ಮಾತ್ಸಾ ರೊಟ್ಟಿ, ಕಹಿ ಸೊಪ್ಪು, ನಾಲ್ಕು ಲೋಟ ದ್ರಾಕ್ಷಾರಸ, ಮನೆಯ ಕಿರಿಯ ಮಗು ಕೇಳುವ ನಾಲ್ಕು ಪ್ರಶ್ನೆ. ಬಿಡಿಸಿದವನು ದೇವರು ಎನ್ನುವುದೇ ಆ ಪುಸ್ತಕದ ಜೀವಾಳ. ಮುಂದೆ ನಿಂತು ಜನರನ್ನು ನಡೆಸಿದ ಮೋಶೆಯ ಹೆಸರೇ ಅದರಲ್ಲಿ ಹೆಚ್ಚುಕಡಿಮೆ ಕಾಣುವುದಿಲ್ಲ.

ಹಾಗಿದ್ದರೆ ದೇವರನ್ನು ನಂಬದವರು ಆ ರಾತ್ರಿ ಏನು ಓದಬೇಕು? 20ನೇ ಶತಮಾನದ ಮೊದಲ ದಶಕಗಳಲ್ಲಿ ಪೂರ್ವ ಯುರೋಪಿನಿಂದ ಪ್ಯಾಲೆಸ್ಟೀನಿಗೆ ಬಂದು ಕಿಬ್ಬುತ್ಸ್ ಎಂಬ ಸಾಮೂಹಿಕ ಬೇಸಾಯದ ಊರುಗಳನ್ನು ಕಟ್ಟಿದ ತರುಣರಿಗೆ ಈ ಪ್ರಶ್ನೆ ಎದುರಾಯಿತು. ಹೆತ್ತವರನ್ನೂ ಅವರ ಮಡಿಯನ್ನೂ ಹಿಂದೆ ಬಿಟ್ಟು ಬಂದವರು ಅವರು. ಆದರೂ ಹಬ್ಬದ ರಾತ್ರಿ ಸುಮ್ಮನೆ ಉಂಡು ಮಲಗಲು ಮನಸ್ಸು ಒಪ್ಪಲಿಲ್ಲ.

ಅವರು ತಮ್ಮದೇ ಹಗ್ಗದಾ ಬರೆದುಕೊಂಡರು. 1930ರ ದಶಕದ ಹೊತ್ತಿಗೆ ಅನೇಕ ಕಿಬ್ಬುತ್ಸ್‌ಗಳಲ್ಲಿ ಅಲ್ಲಿಯವರೇ ಪಾಠ ಆರಿಸಿ, ಚಿತ್ರ ಬಿಡಿಸಿ, ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದರು. ವಿಮೋಚನಕಾಂಡದಿಂದ ಮೋಶೆ ಮರಳಿ ಬಂದ. ವಸಂತವನ್ನು ಹಾಡಲು ಪರಮಗೀತೆಯ ಸಾಲುಗಳು ಬಂದವು. ಹೊಸ ಕವಿತೆ, ದುಡಿಮೆ, ವಲಸೆಯ ಮಾತು ಸೇರಿದವು. ಹಿಟ್ಲರನ ಕಾಲದ ಹತ್ಯಾಕಾಂಡದ ಬಳಿಕ ಸತ್ತವರ ಸ್ಮರಣೆಯೂ, 1943ರಲ್ಲಿ ಪಸ್ಕದ ಹಿಂದಿನ ದಿನವೇ ಸಿಡಿದೆದ್ದ ವಾರ್ಸಾ ನಗರದ ಘೆಟ್ಟೋ ಎಂಬ ಯಹೂದಿ ಕೇರಿಯ ನೆನಪೂ ಪುಟ ಹೊಕ್ಕವು. ಯಾಗೂರ್ ಕಿಬ್ಬುತ್ಸಿನಲ್ಲಿ ಯೆಹೂದಾ ಶರೇತ್ ಇಡೀ ಸಮಾರಂಭಕ್ಕೆ ಸಂಗೀತ ಕೂಡಿಸಿದರು. ರಾಮತ್ ಯೋಹಾನಾನ್‌ನಲ್ಲಿ ಮತಿತ್ಯಾಹು ಶೆಲೆಮ್ ಮತ್ತು ಲೇಆ ಬರ್ಗ್‌ಸ್ಟೈನ್ ಜವೆಗೋಧಿಯ ಮೊದಲ ಕೊಯ್ಲಿನ ಪ್ರಾಚೀನ ವಿಧಿಗೆ ಹಾಡು, ಕುಣಿತ ಹೊಂದಿಸಿ ಮತ್ತೆ ಹೊಲಕ್ಕೆ ತಂದರು.

ಅಮೆರಿಕದಲ್ಲಿ ಇದೇ ಹಂಬಲ ಬೇರೆ ದಾರಿ ಹಿಡಿಯಿತು. 1963ರಲ್ಲಿ ಡೆಟ್ರಾಯಿಟ್ ಹೊರವಲಯದಲ್ಲಿ ಯಹೂದಿ ಧರ್ಮಗುರು (ರಬ್ಬಿ) ಶೆರ್ವಿನ್ ವೈನ್ ಕೆಲವೇ ಕುಟುಂಬಗಳೊಡನೆ ‘ಬರ್ಮಿಂಗ್‌ಹ್ಯಾಮ್ ಟೆಂಪಲ್’ ಆರಂಭಿಸಿದರು. ದೇವರನ್ನು ಕುರಿತ ಪ್ರಾರ್ಥನೆ ಅಲ್ಲಿರಲಿಲ್ಲ. ಯಹೂದಿ ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಇಟ್ಟದ್ದು ಗ್ರಂಥಾಲಯದಲ್ಲಿ. ಹೊಸ ವರ್ಷದ ರೋಷ್ ಹಶಾನಾ ಆತ್ಮಪರೀಕ್ಷೆಯ ದಿನವಾಯಿತು. ದೀಪಗಳ ಹಬ್ಬವಾದ ಹನುಕ್ಕಾ ಮನುಷ್ಯರ ಧೈರ್ಯದ ಹಬ್ಬವಾಯಿತು. 1969ರಲ್ಲಿ ಮಾನವತಾವಾದಿ ಯಹೂದಿಗಳ ರಾಷ್ಟ್ರೀಯ ಸಂಘಟನೆಯೂ ಹುಟ್ಟಿತು.

ಎರಡರಲ್ಲಿ ಕಿಬ್ಬುತ್ಸಿನ ದಾರಿಯೇ ನನಗೆ ಹೆಚ್ಚು ಹಿಡಿಸುತ್ತದೆ. ವೈನ್ ಹಬ್ಬಗಳಿಗೆ ಸ್ಪಷ್ಟವಾದ ತತ್ತ್ವ ಕೊಟ್ಟರು. ಕಿಬ್ಬುತ್ಸಿನವರು ಹಾಡು, ಹೊಲ, ಮಕ್ಕಳ ಪ್ರಶ್ನೆ ಎಲ್ಲವನ್ನೂ ಒಂದೇ ಮೇಜಿನ ಸುತ್ತ ತಂದು, ಹಬ್ಬವನ್ನು ಹಬ್ಬವಾಗಿಯೇ ಉಳಿಸಿದರು.