ಆರನೇ ಬಟ್ಟೆಯಲ್ಲಿ ನಾಲ್ಕನೆಯವನ ಬೆಳಕು

‘ಕತ್ತಲಲ್ಲಿ ಇರಬೇಕಾದಾಗ ಹೊತ್ಕೊಂಡ್ಬಿಟ್ಟೆ ಕಣೋ!’

ಸ್ಟೇಜಿನಿಂದ ಇಳಿದು ಬಂದ ಗೆಳತಿ ಬೆವರು ಒರೆಸಿಕೊಳ್ಳುವ ಮೊದಲೇ ಹೇಳಿದ್ದು ಇದು. ನಾನು ಲ್ಯಾಪ್‌ಟಾಪ್ ತೆರೆದೆ. ಕೋಡಿನ ಮೇಲ್ಸಾಲಿನಲ್ಲೇ ತಪ್ಪು ಕೂತಿತ್ತು. 6 ಇರಬೇಕಾದ ಕಡೆ 4.

ನಾನು ದಾವಣಗೆರೆಯಲ್ಲಿ ಬಿಇ ಓದುತ್ತಿದ್ದೇನೆ, ಎಲೆಕ್ಟ್ರಾನಿಕ್ಸ್. ನನಗೆ ಕುಣಿಯಲು ಬಾರದು; ಗಣಪತಿ ಬಿಡುವಾಗಲೂ ಕೈ ಮೇಲೆತ್ತುವುದಷ್ಟೇ ಗೊತ್ತು. ಕಾಲೇಜಿನ ಡಾನ್ಸ್ ತಂಡದವರು ನನ್ನನ್ನು ಸೇರಿಸಿಕೊಂಡಿದ್ದು ಎಲ್‌ಇಡಿ ಬಟ್ಟೆಗಾಗಿ. ಕತ್ತಲ ವೇದಿಕೆ, ಕಪ್ಪು ಬಟ್ಟೆ, ಅದರ ಮೇಲೆ ಬೆಳಕಿನ ಗೆರೆಗಳು. ಮನುಷ್ಯ ಕಾಣುವುದಿಲ್ಲ, ಗೆರೆ ಮಾತ್ರ ಕುಣಿಯುತ್ತದೆ. ಇಂಥದ್ದೇ ನೃತ್ಯ ಮಾಡುವ ‘ಐಲ್ಯೂಮಿನೇಟ್’ ತಂಡ 2011ರಲ್ಲಿ ‘ಅಮೆರಿಕಾಸ್ ಗಾಟ್ ಟ್ಯಾಲೆಂಟ್’ ಷೋನಲ್ಲಿ ಮೂರನೇ ಸ್ಥಾನ ಪಡೆದಿತ್ತು. ಅದನ್ನು ಕಟ್ಟಿದ ಮಿರಲ್ ಕೋಟ್ಬ್ ಡಾನ್ಸರೂ ಹೌದು, ಸಾಫ್ಟ್‌ವೇರ್ ಎಂಜಿನಿಯರೂ ಹೌದು. ನಮ್ಮಲ್ಲಿ ಅವರಿಬ್ಬರೂ ಬೇರೆ ಬೇರೆ ಜನ, ದಿನಾ ಜಗಳ.

ಬಟ್ಟೆಯೊಳಗಿನ ಲೆಕ್ಕ ಹೇಳುತ್ತೇನೆ. ಮೀಟರಿಗೆ 30 ದೀಪಗಳಿರುವ ಪಟ್ಟಿ, ಒಬ್ಬರಿಗೆ 4 ಮೀಟರ್, ಒಟ್ಟು 120 ದೀಪ. ಡಬ್ಲ್ಯುಎಸ್2812ಬಿ ಎನ್ನುವ ಈ ದೀಪಗಳಲ್ಲಿ ಒಂದೊಂದರ ಒಳಗೂ ಪುಟ್ಟ ಚಿಪ್ ಇದೆ. ಮೊದಲನೆಯದು ತನ್ನ ಪಾಲಿನ ಬಣ್ಣ ಇಟ್ಟುಕೊಂಡು ಉಳಿದದ್ದನ್ನು ಪಕ್ಕದ್ದಕ್ಕೆ ದಾಟಿಸುತ್ತದೆ, ಪಂಕ್ತಿಯಲ್ಲಿ ಬಾಳೆಲೆ ದಾಟಿಸಿದ ಹಾಗೆ. ನಡುವೆ ಒಂದು ಬೆಸುಗೆ ಬಿಟ್ಟರೆ ಅಲ್ಲಿಂದಾಚೆ ಕೂತವರೆಲ್ಲ ಉಪವಾಸ. ನಮ್ಮಲ್ಲಿ ಬಿಡುತ್ತಿದ್ದುದು ಮಂಡಿಯ ಹತ್ತಿರ. ಮೂರು ಸಲ ಬೆಸುಗೆ ಹಾಕಿದೆ, ಮೂರು ಸಲವೂ ಕಿತ್ತುಬಂತು. ಕೊನೆಗೆ ದಾರಿ ತೋರಿಸಿದ್ದು ಬಟ್ಟೆ ಹೊಲಿದ ಟೈಲರಣ್ಣ. ‘ಮಡಚೋ ಕಡೆ ಸಡಿಲ ಬಿಡ್ಬೇಕು ತಮ್ಮಾ, ಪ್ಯಾಂಟಿಗಾದ್ರೂ ಅಷ್ಟೇ, ವೈರಿಗಾದ್ರೂ ಅಷ್ಟೇ’ ಅಂದರು. ಪಟ್ಟಿಯನ್ನು ಮಂಡಿಯ ಮೇಲೆ ಕೆಳಗೆ ತುಂಡು ಮಾಡಿ, ನಡುವೆ ಮೆತ್ತನೆಯ ವೈರನ್ನು ಸಡಿಲವಾಗಿ ಬಿಟ್ಟ ಮೇಲೆ ಕಿತ್ತುಬರಲಿಲ್ಲ.

ಕರೆಂಟಿನದು ಬೇರೆ ಕಥೆ. ಬಿಳಿ ಬಣ್ಣ ಪೂರ್ತಿ ಹೊಳಪಿನಲ್ಲಿ ಉರಿದರೆ ಒಂದು ದೀಪಕ್ಕೆ ಸುಮಾರು 60 ಮಿಲಿ ಆಂಪಿಯರ್ ಬೇಕು. 120ಕ್ಕೆ 7.2 ಆಂಪಿಯರ್. ಜೇಬಿನ ಪವರ್ ಬ್ಯಾಂಕ್ ಕೊಡುವುದು ಎರಡು ಚಿಲ್ಲರೆ. ಹೊಳಪನ್ನು ಕಾಲು ಭಾಗಕ್ಕೆ ಇಳಿಸಿದೆವು. ಕತ್ತಲಲ್ಲಿ ಅಷ್ಟೇ ಸಾಕು. ಹಾಗಂತ ದೀಪ ಆರಿಸಿಕೊಂಡು ಸೈಡ್‌ವಿಂಗಿನಲ್ಲಿ ಸುಮ್ಮನೆ ಕಾಯುವಂತೆಯೂ ಇಲ್ಲ. ಯಾರೂ ಕರೆಂಟ್ ಎಳೆಯುತ್ತಿಲ್ಲ ಎಂದುಕೊಂಡು ಪವರ್ ಬ್ಯಾಂಕ್ ತಾನೇ ಮಲಗಿಬಿಡುತ್ತದೆ! ಅದನ್ನು ಎಚ್ಚರವಿಡಲು ಜೇಬಿನೊಳಗೆ ನಾಲ್ಕು ದೀಪ ಬಚ್ಚಿಟ್ಟು ಉರಿಸುತ್ತಿದ್ದೆವು.

ಇನ್ನು ಪ್ರೋಗ್ರಾಂ. ಆಡಾಸಿಟಿಯಲ್ಲಿ ಹಾಡು ಹಾಕಿ, ಬೆಳಕು ಬದಲಾಗಬೇಕಾದ ಜಾಗಕ್ಕೆಲ್ಲ ಗುರುತು ಮಾಡಿದರೆ ಸಮಯದ ಪಟ್ಟಿ ಸಿಗುತ್ತದೆ. ಅದನ್ನು ಕೋಡಿಗೆ ಸೇರಿಸಿ, ಪ್ರತಿ ಬಟ್ಟೆಯ ಜೇಬಿನಲ್ಲಿರುವ ಇಎಸ್‌ಪಿ32 ಬೋರ್ಡಿಗೆ ಕೇಬಲ್ಲಿನಿಂದ ಇಳಿಸಬೇಕು. ನಾನು ‘ಇಷ್ಟು ಹೊತ್ತು ಕಾಯಿ, ಆಮೇಲೆ ಬಣ್ಣ ಬದಲಿಸು’ ಎಂದು ಬರೆದಿದ್ದೆ. ಅಭ್ಯಾಸದಲ್ಲಿ ಎರಡನೇ ನಿಮಿಷಕ್ಕೆಲ್ಲ ಎರಡು ಬಟ್ಟೆ ಹಿಂದೆ ಬಿದ್ದವು. ‘ನೀವೇ ಬೇಗ ಕುಣೀತಿದೀರಾ’ ಅಂದೆ. ಆ ಗೆಳತಿ, ಆರನೇ ನಂಬರಿನವಳು, ಒಂದೇ ಮಾತು ಹೇಳಿದಳು: ‘ನಾವು ಹಾಡಿಗೆ ಕುಣಿಯೋದು, ನಿನ್ನ ಬಟ್ಟೆಗಲ್ಲ.’

ಅವಳದ್ದೇ ಸರಿ ಇತ್ತು. 120 ದೀಪಗಳಿಗೆ ಬಣ್ಣ ಕಳಿಸಲು ಪ್ರತಿ ಸಲ ಸುಮಾರು 3.6 ಮಿಲಿಸೆಕೆಂಡ್ ಹಿಡಿಯುತ್ತದೆ. ಅದನ್ನು ನಾನು ಲೆಕ್ಕಕ್ಕೇ ತಂದಿರಲಿಲ್ಲ. ಓಡುವ ಬೆಳಕು ಹೆಚ್ಚಿದ್ದ ಬಟ್ಟೆಗಳಲ್ಲಿ ಈ ಚಿಲ್ಲರೆಯೆಲ್ಲ ಸೇರಿ ದೊಡ್ಡದಾಗುತ್ತಿತ್ತು. ಪ್ರತಿ ಸ್ಟಾಪಿನಲ್ಲೂ ‘ಎರಡು ನಿಮಿಷ ನಿಲ್ಸಿ’ ಎನ್ನುವ ಬಸ್ಸು ಊರು ಮುಟ್ಟುವಾಗ ಅರ್ಧ ಗಂಟೆ ತಡವಾಗುವುದಿಲ್ಲವೇ, ಹಾಗೆ. ‘ಹಾಡು ಶುರುವಾಗಿ ಎಷ್ಟು ಹೊತ್ತಾಯಿತು’ ಎಂದು ಗಡಿಯಾರ ನೋಡಿ ನಡೆಯುವಂತೆ ಕೋಡನ್ನು ಪೂರ್ತಿ ಬದಲಿಸಿದೆ. ಸರಿಹೋಯಿತು. ಅವಳಿಗೆ ಸಾರಿ ಮಾತ್ರ ಹೇಳಲಿಲ್ಲ. ಜನ ಚಪ್ಪಾಳೆ ಹೊಡೆಯುವುದು ಬೆಳಕಿಗೆ ತಾನೇ ಎಂಬ ಕೊಬ್ಬು ಆಗ ನನಗಿತ್ತು.

ಹುಬ್ಬಳ್ಳಿಯ ಕಾಲೇಜೊಂದರ ಫೆಸ್ಟ್. ಸಂಜೆ ಐದಕ್ಕೆ, ಕೊನೆಯ ಭಾಗದಲ್ಲಿ ಎಂಟು ಕೌಂಟ್ ಕಡಿಮೆ ಮಾಡಬೇಕು ಎಂದು ನಮ್ಮ ಕ್ಯಾಪ್ಟನ್ ಹೇಳಿದ. ಅಂದರೆ ಏಳೂ ಬೋರ್ಡಿಗೆ ಮತ್ತೆ ಇಳಿಸಬೇಕು. ಡೇಟಾ ಹಾಯುವ ಕೇಬಲ್ ನನ್ನ ಹತ್ತಿರ ಇದ್ದದ್ದು ಒಂದೇ. ಯಾರೋ ಕೊಟ್ಟ ಇನ್ನೊಂದು ಬರೀ ಚಾರ್ಜಿಂಗಿನದು, ಅದು ಗೊತ್ತಾಗಲು ಹತ್ತು ನಿಮಿಷ ಹೋಯಿತು. ಕೋಡಿನ ಮೇಲ್ಸಾಲಿನಲ್ಲಿ ಡಾನ್ಸರ್ ನಂಬರ್ ಬದಲಿಸಿ ಒಬ್ಬೊಬ್ಬರಿಗೂ ಬೇರೆ ಬೇರೆ ಇಳಿಸಬೇಕು. ಮೇಕಪ್ ಮುಗಿದವರು ಮುಗಿದ ಹಾಗೆ ಬಂದು ನಿಲ್ಲುತ್ತಿದ್ದರು. ನಾಲ್ಕನೆಯವನಾದ ಮೇಲೆ ಕೊನೆಗೆ ಬಂದವಳು ಇವಳು. ಅಪ್‌ಲೋಡ್ ಮುಗಿಯಿತು ಎಂದು ಪರದೆ ಹೇಳಿತು, ನಂಬಿದೆ.

ಮೊದಲ ಒಂದೂವರೆ ನಿಮಿಷ ಎಲ್ಲರಿಗೂ ಒಂದೇ ಬೆಳಕು, ಹಾಗಾಗಿ ಗೊತ್ತಾಗಲಿಲ್ಲ. ಆಮೇಲೆ ನಮ್ಮ ಹೆಮ್ಮೆಯ ಟ್ರಿಕ್: ಎಡಗಡೆ ನಾಲ್ಕನೆಯವನೊಬ್ಬನೇ ಎಂಟು ಕೌಂಟ್ ಹೊಳೆಯುತ್ತಾನೆ, ಫಕ್ಕನೆ ಆರುತ್ತಾನೆ. ಅದೇ ಕ್ಷಣಕ್ಕೆ ಬಲಗಡೆ ಆರನೆಯವಳು ಅದೇ ಭಂಗಿಯಲ್ಲಿ ಹೊತ್ತಿಕೊಳ್ಳುತ್ತಾಳೆ. ನೋಡುವವರಿಗೆ ಒಬ್ಬನೇ ಹಾರಿಹೋದ ಹಾಗೆ. ಅಂದು ಎಡಗಡೆ ಕೇಸರಿ ಗೆರೆಗಳು ಹೊತ್ತಿಕೊಂಡವು. ಬಲಗಡೆಯೂ ಹೊತ್ತಿಕೊಂಡವು. ಸೌಂಡ್ ಬಾಕ್ಸಿನ ಪಕ್ಕ ಕೂತಿದ್ದ ನನ್ನ ಹೊಟ್ಟೆಯಲ್ಲಿ ಏನೋ ಕುಸಿಯಿತು.

ಅವಳು ಬೆದರಿ ನಿಲ್ಲಲಿಲ್ಲ. ತೋಳು ಕೇಸರಿಯಾದದ್ದು ಕಂಡೊಡನೆ ನಾಲ್ಕನೆಯವನ ಸ್ಟೆಪ್‌ಗಳನ್ನು ಹಾಕತೊಡಗಿದಳು, ಅದೂ ತಿರುಗಾಮುರುಗಾ, ಕನ್ನಡಿಯಲ್ಲಿ ಕಂಡ ಹಾಗೆ. ಬಳಿಕ ಇಬ್ಬರೂ ಒಟ್ಟಿಗೆ ಆರಿದರು. ಮುಂದಿನ ಎಂಟು ಕೌಂಟ್ ವೇದಿಕೆಯ ಮೇಲೆ ಹಾಡೊಂದೇ, ಪೂರ್ತಿ ಕತ್ತಲು. ಮತ್ತೆ ಹೊತ್ತಿಕೊಂಡಾಗ ಸಭಾಂಗಣದಲ್ಲಿ ಶಿಳ್ಳೆ. ಕೊನೆಯವರೆಗೂ ಅವಳು ಅವನಾಗಿಯೇ ಕುಣಿದಳು.

ಎರಡನೇ ಬಹುಮಾನ ಬಂತು. ‘ಆ ಕನ್ನಡಿ ದೃಶ್ಯ, ಆಮೇಲಿನ ಕತ್ತಲು ತುಂಬಾ ಚೆನ್ನಾಗಿತ್ತು, ಐಡಿಯಾ ಯಾರದು?’ ಎಂದು ತೀರ್ಪುಗಾರರು ಕೇಳಿದರು. ಕ್ಯಾಪ್ಟನ್ ನನ್ನ ಕಡೆ ಕೈ ತೋರಿಸಿದ. ನಾನು ನಕ್ಕೆ. ಹೌದು, ನಕ್ಕುಬಿಟ್ಟೆ. ಅವಳೂ ಏನೂ ಹೇಳಲಿಲ್ಲ, ಬಾಟಲಿಯ ನೀರು ಕುಡಿಯುತ್ತಾ ನಿಂತಿದ್ದಳು.

ಬಸ್ಸು ರಾಣೆಬೆನ್ನೂರು ದಾಟುವವರೆಗೂ ನಿದ್ದೆ ಹತ್ತಲಿಲ್ಲ. ಹರಿಹರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಎಲ್ಲರೆದುರೇ ಹೇಳಿದೆ: ನಂಬರ್ ಬದಲಿಸುವುದು ಮರೆತಿದ್ದೆ, ಐಡಿಯಾ ನನ್ನದಲ್ಲ, ಷೋ ಉಳಿಸಿದ್ದು ಇವಳು. ನಾಲ್ಕನೆಯವನು ಬಿದ್ದು ಬಿದ್ದು ನಕ್ಕ. ಅವಳು ಕೇಳಿದ್ದು ಇಷ್ಟೇ: ‘ಮುಂದಿನ ಸಲ ನಂಗೆ ಮೊದಲೇ ಗೊತ್ತಾಗೋ ಹಾಗೆ ಏನಾದ್ರೂ ಮಾಡ್ತೀಯಾ?’

ಮಾಡಿದೆ. ಈಗ ಏಳೂ ಬೋರ್ಡಿಗೆ ಒಂದೇ ಪ್ರೋಗ್ರಾಂ. ಜೇಬಿನೊಳಗೆ ಮೂರು ಪುಟಾಣಿ ಸ್ವಿಚ್‌ಗಳಿವೆ. ಆನ್, ಆಫ್ ಸೇರಿ ಎಂಟು ಜೋಡಣೆ, ಏಳು ಜನಕ್ಕೆ ಸಾಕಾಗಿ ಒಂದು ಉಳಿಯುತ್ತದೆ. ಯಾವ ನಂಬರ್ ಎಂದು ಬೋರ್ಡು ಅದನ್ನು ನೋಡಿ ತಿಳಿದುಕೊಳ್ಳುತ್ತದೆ. ಆನ್ ಮಾಡಿದ ತಕ್ಷಣ ಎಡ ಮಣಿಕಟ್ಟಿನ ಒಂದು ದೀಪ ತನ್ನ ನಂಬರಿನಷ್ಟು ಸಲ ಮಿಣುಕುತ್ತದೆ.

ಕಳೆದ ತಿಂಗಳು ಇನ್ನೊಂದು ಷೋ ಇತ್ತು. ಸೈಡ್‌ವಿಂಗಿನ ಕತ್ತಲಲ್ಲಿ ಅವಳು ಮಣಿಕಟ್ಟನ್ನು ಮುಖದ ಹತ್ತಿರ ಹಿಡಿದು ತುಟಿಯಲ್ಲೇ ಎಣಿಸುತ್ತಿದ್ದಳು. ಆರಕ್ಕೆ ನಿಂತಿತು. ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿದಳು, ನಾನು ಬಟನ್ ಒತ್ತಿದೆ.